ಕಿವಿಗೋಲು

ರಾತ್ರಿ ಎರಡೂವರೆಗೆ ಅಕ್ಕಿಪೇಟೆ ಬಾಯಿ ಮುಚ್ಚುತ್ತದೆ.
ಲಾರಿಗಳು ಮಲಗಿ, ನಾಯಿಗಳು ಜಗಳ ಮುಗಿಸಿ,
ಕೊನೆಯ ಷಟರು ಎಳೆದ ಸದ್ದು
ನೆಲಕ್ಕಿಳಿದು ಆರಿದ ಮೇಲೆ
ನಾನು ಬಾಗುತ್ತೇನೆ.
ನಾಲ್ಕಡಿ ಕಬ್ಬಿಣದ ಸರಳು: ಒಂದು ತುದಿ ಡಾಂಬರಿಗೆ,
ಇನ್ನೊಂದು ಕಿವಿಗೆ.

ಕುಡಿದು ಮನೆಗೆ ಹೊರಟವನೊಬ್ಬ ಕೇಳಿದ್ದ,
"ಭೂಮ್ತಾಯಿ ಏನಂತಾಳಣ್ಣ?"
ಏನೂ ಅನ್ನುವುದಿಲ್ಲ.
ನೆಟ್ಟಗೆ ಹರಿಯುವ ನೀರಿಗೆ ಮಾತಿಲ್ಲ,
ಸೋರುವ ನೀರಿಗೆ ಮಾತ್ರ.

ಬಿರುಕು ಸಣ್ಣದಾದಷ್ಟೂ ದನಿ ಕೀಚಲು,
ಪೂರಾ ಒಡೆದರೆ ಗೊರಗೊರ, ಮುದುಕರ ಗಂಟಲಿನ ಹಾಗೆ,
ಕಲಿಸಿದ್ದು ಆರೋಗ್ಯಸ್ವಾಮಿ ಮೇಸ್ತ್ರಿ.
ಕೊನೆಕೊನೆಗೆ ಹೆಂಡತಿ ಕೂಗಿದರೂ ಕೇಳದ ಕಿವುಡು;
ಸರಳನ್ನು ದವಡೆಗೆ ಒತ್ತಿಕೊಂಡರೆ ಮಾತ್ರ
ಆಳುದ್ದ ಮಣ್ಣಿನ ಕೆಳಗಿನ ಸೂಜಿತೂತು
ಮೂಳೆಯೊಳಗೆ ಕೇಳುತ್ತಿತ್ತು ಅವನಿಗೆ.

ಈ ನೀರು ಇಲ್ಲಿಯದಲ್ಲ.
ತೊರೆಕಾಡನಹಳ್ಳಿಯಿಂದ ಹೊರಟು
ಹಾರೋಹಳ್ಳಿಯಲ್ಲೊಮ್ಮೆ, ತಾತಗುಣಿಯಲ್ಲೊಮ್ಮೆ
ಮತ್ತೆ ಮತ್ತೆ ಎತ್ತಿಸಿಕೊಂಡು, ಗುಡ್ಡ ಹತ್ತಿ ಬಂದದ್ದು.
ಇಳಿಯುವುದು ನೀರಿನ ಧರ್ಮ ಅನ್ನುತ್ತಾರೆ.
ಬೆಂಗಳೂರಿಗೆ ಬರಬೇಕಾದರೆ
ಅದು ಧರ್ಮ ಬಿಟ್ಟು ಬರಬೇಕು.

ನಮ್ಮಜ್ಜ ನೀರುಗಂಟಿ.
ಅವನ ಕೆರೆ ಎಲ್ಲಿತ್ತೆಂದು ಕೇಳಬೇಡಿ,
ಅಲ್ಲೀಗ ನಾಲ್ಕು ಬ್ಲಾಕು, ಒಂದು ಕಲ್ಯಾಣಮಂಟಪ.
ತೂಬೆತ್ತಿ, ಬಾನಿಯ ಮೇಲೆ ಗಳಿಗೆಬಟ್ಟಲು ತೇಲಿಬಿಟ್ಟು
ಕಾಲುವೆಯ ಬದಿ ಕೂರುತ್ತಿದ್ದನಂತೆ.
ಬಟ್ಟಲಿಗೊಂದು ತೂತು.
ಅದು ತುಂಬಿ ಮುಳುಗುವಷ್ಟರಲ್ಲಿ
ಪಟೇಲನ ಗದ್ದೆಯದೂ ಮುಗಿಯಬೇಕು,
ಮತ್ತೆ ತೇಲಿಬಿಟ್ಟರೆ ಬೀರನ ಮಡಿಯದೂ ಮುಗಿಯಬೇಕು.
ಪಟೇಲ ಬಟ್ಟಲಿನ ತೂತಿಗೆ ಮೇಣ ಮೆತ್ತಿದ್ದ ದಿನ
ಅಜ್ಜ ಬೈಯಲಿಲ್ಲ, ಬಡಿಯಲಿಲ್ಲ,
ಬಟ್ಟಲು ತಂದು ಅವನ ಜಗಲಿಯ ಮೇಲಿಟ್ಟು
ಮನೆಗೆ ಹೋಗಿ ಮಲಗಿದನಂತೆ.

ಈ ಏಪ್ರಿಲ್ಲು,
ಟ್ಯಾಂಕರಿನವರು ಫೋನೆತ್ತುವುದನ್ನೇ ಬಿಟ್ಟ ವಾರ,
ಬಳೆ ಗೋದಾಮಿನ ಹಿಂದಿನ ಓಣಿಯಲ್ಲಿ
ಸರಳಿಗೆ ಸಿಕ್ಕಿತು ಕೀಚಲು ದನಿ,
ಹಸುಗೂಸು ನಿದ್ದೆಯಲ್ಲಿ ತುಟಿ ಸೀಪುವಂತೆ.
ಹತ್ತು ಹೆಜ್ಜೆ ಆಚೆ ಚರಂಡಿಯ ಚಪ್ಪಡಿ ಸರಿಸಿ,
ಸಂದಿಗೆ ಸೈಕಲ್ ಟ್ಯೂಬಿನ ತುಂಡು ಸಿಕ್ಕಿಸಿ
ಲೋಟ ಹಿಡಿದು ಕೂತಿದ್ದಳು ಕದಿರಮ್ಮ.

"ಲೋಟ ತುಂಬಾಕೆ ನೂರಾ ನಲವತ್ತು ಎಣಿಸ್ಬೇಕು,
ಬಿಂದ್ಗೆಗೆ ಬೆಳಗಾಗ್ತದೆ," ಅಂದಳು.
ಆಯುಧಪೂಜೆಯಿಂದ ಮೂರು ಶೆಡ್ಡಿನ ಅನ್ನ ಬೆಂದದ್ದು ಇದರಲ್ಲೇ.
ಮೊಮ್ಮಗಳು ದೊಡ್ಡವಳಾದಾಗ ಎರೆದದ್ದೂ ಇದನ್ನೇ.
"ಯಾರ್ ಕಣ್ಣಿಗೂ ಬಿದ್ದಿರ್ಲಿಲ್ಲ ಸಾಮಿ.
ಕಿವಿಗೆ ಬೀಳ್ತದೆ ಅಂತ ಗೊತ್ತಿರ್ಲಿಲ್ಲ."

ನನ್ನ ಕೆಲಸ ಸುಣ್ಣದಲ್ಲಿ ಒಂದು ಅಡ್ಡಗೆರೆ,
ಅದರ ಮೇಲೊಂದು ಉದ್ದಗೆರೆ. ಬೆಳಿಗ್ಗೆ ಅಗೆಯುವವರು ಬರುತ್ತಾರೆ.

ಸುಣ್ಣದ ಕಡ್ಡಿ ಕೈಯಲ್ಲಿ ಬೆವೆತಿತು.
ಅವಳಿಗೊಂದು ಲೋಟ ಸಿಗಲು
ಮಣ್ಣು ಒಂದು ಹಂಡೆ ಕುಡಿಯುತ್ತದೆ, ನನಗೆ ಗೊತ್ತು.
ಇದೇ ಪೈಪಿನ ಬಾಲದಲ್ಲಿ, ಕಾಟನ್‌ಪೇಟೆಯ ತುದಿಮನೆಯಲ್ಲಿ
ಇನ್ನೊಬ್ಬಳು ಈ ಹೊತ್ತಿಗೇ ಎದ್ದು
ನಲ್ಲಿಯ ಕೆಳಗೆ ಬಿಂದಿಗೆಯಿಟ್ಟು
ಬುಸುಗುಡುವ ಗಾಳಿ ಎಣಿಸುತ್ತಿರುತ್ತಾಳೆ, ಅದೂ ಗೊತ್ತು.
ಬಟ್ಟಲಿರಲಿಲ್ಲ ನನ್ನ ಹತ್ತಿರ.
ಬಿಟ್ಟು ಬರಲು ಜಗಲಿಯೂ.

ಗುರುತು ಹಾಕಿದೆ.
ಹಾಕಿ, ಅವಳ ಬಿಂದಿಗೆ ತುಂಬುವವರೆಗೆ ಅಲ್ಲೇ ಕೂತೆ.
ಇಬ್ಬರೂ ಮಾತಾಡಲಿಲ್ಲ.
ರಿಜಿಸ್ಟರಿನಲ್ಲಿ: ಸೋರಿಕೆ, ಒಂದು.
ಷರಾ ಕಾಲಮ್ಮಿನಲ್ಲಿ: ಇಲ್ಲಿ ಬೀದಿನಲ್ಲಿ ಬೇಕು.

ಸೋರಿಕೆ ನಿಂತಿದೆ.
ನಲ್ಲಿ ಬಂದಿಲ್ಲ.
ಆ ಓಣಿಯಲ್ಲಿ ಈಗ ಸರಳಿಟ್ಟರೆ ಏನೂ ಕೇಳುವುದಿಲ್ಲ,
ಕೆಲಸ ಚೆನ್ನಾಗಿ ಆಗಿದೆ ಎಂದರ್ಥ.
ಆದರೂ ಒಂದೊಂದು ರಾತ್ರಿ
ಬೀಟು ತಪ್ಪಿಸಿ ಆ ಕಡೆ ಹೋಗಿ
ಸರಳನ್ನು ದವಡೆಗೆ ಒತ್ತಿ ನಿಲ್ಲುತ್ತೇನೆ,
ನೂರಾ ನಲವತ್ತು ಎಣಿಸುವಷ್ಟು ಹೊತ್ತು.